ಬಡಾವಣೆಯ ಭವಿಷ್ಯದ ಸಭೆ ಕಸ, ನಾಯಿಯಲ್ಲೇ ಮುಗಿಯದಿರಲು

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದಲ್ಲಿ ತೊಂಬತ್ತರ ದಶಕದಲ್ಲಿ ಆದ ಬಡಾವಣೆ. ಸುಮಾರು 400 ಮನೆಗಳಿವೆ. ಪಕ್ಕದಲ್ಲಿ ಹಳೆಯ ಹಳ್ಳಿ, ಅದರಾಚೆ ಕೆರೆ. "ಇನ್ನು 20 ವರ್ಷಕ್ಕೆ ನಮ್ಮ ಬಡಾವಣೆ ಹೇಗಿರಬೇಕು" ಎಂದು ಸಂಘದಿಂದ ಎರಡು ಸಲ ಸಭೆ ಕರೆದೆವು. ಎರಡೂ ಸಲ ಕಸದ ಗಾಡಿ, ಬೀದಿನಾಯಿ, ಕಾವೇರಿ ನೀರು ಇಷ್ಟರಲ್ಲೇ ಹೊತ್ತು ಹೋಯಿತು. ಬಂದಿದ್ದ ಎಂಜಿನಿಯರ್ "ಗಮನಕ್ಕೆ ತೆಗೆದುಕೊಂಡಿದ್ದೇವೆ" ಎಂದು ಹೇಳಿ ಹೊರಟರು. ಹೊಸ ಮಹಾಯೋಜನೆ (ನಗರದ ಮಾಸ್ಟರ್ ಪ್ಲ್ಯಾನ್) ಬರುತ್ತದೆ ಎನ್ನುತ್ತಾರೆ. ಅಷ್ಟರೊಳಗೆ ಉಪಯೋಗಕ್ಕೆ ಬರುವಂಥ ಮಾತುಕತೆ ನಡೆಸುವುದು ಹೇಗೆ?

ಉತ್ತರ: ಜನರ ಮೇಲೆ ಬೇಸರ ಮಾಡಿಕೊಳ್ಳಬೇಡಿ. ತಪ್ಪು ಇರುವುದು ನೀವು ಕೇಳಿದ ಪ್ರಶ್ನೆಯಲ್ಲಿ. "20 ವರ್ಷಕ್ಕೆ ಹೇಗಿರಬೇಕು" ಎಂದು ಮೈಕ್ ಹಿಡಿದು ಕೇಳಿದರೆ ಸಿಗುವ ಉತ್ತರ ಎರಡೇ: ಒಂದು "ಹಸಿರಾಗಿರಬೇಕು, ಸ್ವಚ್ಛವಾಗಿರಬೇಕು", ಇನ್ನೊಂದು "ಅದೆಲ್ಲ ಇರಲಿ, ಮೊದಲು ನಮ್ಮ ಮನೆ ಮುಂದಿನ ಕಸ ಎತ್ತಿಸಿ". ಮೊದಲನೆಯದು ಯಾವ ಕಡತಕ್ಕೂ ಹೋಗುವುದಿಲ್ಲ. ಎರಡನೆಯದು ನ್ಯಾಯವಾದದ್ದೇ, ಆದರೆ ಅದಕ್ಕೆ ಸಭೆ ಬೇಕಿಲ್ಲ. ಊರಿನ ಮುಂದಿನ ರೂಪದ ಮಾತು ಒಂದು ನಕ್ಷೆಯ ಮೇಲೆ, ಒಂದು ನಿರ್ದಿಷ್ಟ ಜಾಗದ ಬಗ್ಗೆ, ಯಾರೋ ಒಬ್ಬರು ಇಂಥ ತಾರೀಖಿನೊಳಗೆ ತೆಗೆದುಕೊಳ್ಳಬೇಕಾದ ತೀರ್ಮಾನವನ್ನು ಎದುರಿಗಿಟ್ಟುಕೊಂಡು ನಡೆಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಮಾತು ಜಾರುತ್ತದೆ.

ಮೊದಲು ದೂರುಗಳಿಗೆ ಒಂದು ಜಾಗ ಮಾಡಿಕೊಡಿ. ಬಾಗಿಲ ಬಳಿ ಒಂದು ಮೇಜು, ಗೆರೆ ಹಾಕಿದ ನೋಟ್‌ಬುಕ್, ಬರೆದುಕೊಳ್ಳಲು ಒಬ್ಬರು. ಬಂದವರು ತಮ್ಮ ದೂರನ್ನು ಅಲ್ಲಿ ಬರೆಸಿ, ಸಂಖ್ಯೆ ಹಾಕಿದ ಚೀಟಿ ತೆಗೆದುಕೊಂಡು ಒಳಗೆ ಬರಲಿ. ದೂರು ಎಲ್ಲೋ ದಾಖಲಾಯಿತು ಎಂದು ಗೊತ್ತಾದರೆ ಅದನ್ನೇ ಮತ್ತೆ ಮೈಕಿನಲ್ಲಿ ಹೇಳುವವರು ತೀರಾ ಕಡಿಮೆ. ಆ ಪುಸ್ತಕವನ್ನು ಮರುದಿನವೇ ವಾರ್ಡ್ ಕಚೇರಿಗೆ ಮುಟ್ಟಿಸಬೇಕು. ಮುಟ್ಟಿಸದಿದ್ದರೆ ಮುಂದಿನ ಸಲ ಯಾರೂ ನಂಬುವುದಿಲ್ಲ.

ಯಾವ ಮಾತು ಎಲ್ಲಿಗೆ ಸೇರಿದ್ದು ಎಂಬ ಗೊಂದಲವೇ ಅರ್ಧ ಸಭೆಯನ್ನು ತಿನ್ನುತ್ತದೆ. ಬೀದಿದೀಪವನ್ನೇ ತೆಗೆದುಕೊಳ್ಳಿ. ದೀಪ ಕೆಟ್ಟಿದೆ ಎಂದರೆ ಅದು ದೂರು, ಸಹಾಯವಾಣಿಗೆ ಹೋಗಬೇಕು. ಕಂಬವೇ ಇಲ್ಲ, ಹಾಕಿಸಬೇಕು ಎಂದರೆ ವಾರ್ಡಿನ ಕಾಮಗಾರಿ; ಅದಕ್ಕೆ ಬಜೆಟ್ ಬೇಕು, ವಾರ್ಡ್ ಸಮಿತಿಯ ನಡಾವಳಿಯಲ್ಲಿ ಬರಬೇಕು. ಈ ಕಂಬಗಳೆಲ್ಲ ಇರುವ ರಸ್ತೆಯನ್ನೇ 24 ಮೀಟರಿಗೆ ಅಗಲ ಮಾಡುತ್ತೇವೆಂದು ನಕ್ಷೆಯಲ್ಲಿ ಗೆರೆ ಎಳೆದಿದ್ದಾರೆ ಎಂದರೆ ಅದು ಮಹಾಯೋಜನೆಯ ವಿಷಯ. ನಿಮ್ಮಲ್ಲಿಗೆ ಬಂದ ಎಂಜಿನಿಯರ್ ಬಹುಶಃ ಮೊದಲ ಎರಡಕ್ಕೆ ಸಂಬಂಧಪಟ್ಟವರು. ಮೂರನೆಯದನ್ನು ಅವರ ಬಳಿ ಎಷ್ಟು ಹೇಳಿದರೂ "ಗಮನಕ್ಕೆ ತೆಗೆದುಕೊಂಡಿದ್ದೇವೆ" ಎನ್ನುವುದನ್ನು ಬಿಟ್ಟು ಅವರಿಗೆ ಬೇರೆ ಮಾತಿಲ್ಲ.

ಕಾನೂನಿನಲ್ಲಿ ನಿಮಗಿರುವ ಬಾಗಿಲುಗಳನ್ನು ಚುಟುಕಾಗಿ ಹೇಳುತ್ತೇನೆ. 1992ರ 74ನೇ ತಿದ್ದುಪಡಿ ಸಂವಿಧಾನಕ್ಕೆ ಸೇರಿಸಿದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಮೊದಲನೆಯದೇ ನಗರ ಯೋಜನೆ. ಅದೇ ತಿದ್ದುಪಡಿಯ 243ಎಸ್ ವಿಧಿ, ಮೂರು ಲಕ್ಷ ಅಥವಾ ಹೆಚ್ಚು ಜನಸಂಖ್ಯೆಯ ಊರುಗಳಲ್ಲಿ ವಾರ್ಡ್ ಸಮಿತಿ ಇರಬೇಕೆನ್ನುತ್ತದೆ. ಕಾಗದದಲ್ಲಿ ಇಷ್ಟಿದ್ದರೂ ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಕಾರ್ಪೊರೇಟರ್ ಕೂರಬೇಕಾದ ಕುರ್ಚಿಯಲ್ಲಿ ನೋಡಲ್ ಅಧಿಕಾರಿ ಕೂತರು. ಈಗ ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ ಬಂದು 2025ರಲ್ಲಿ ಬಿಬಿಎಂಪಿ ಜಾಗದಲ್ಲಿ ಐದು ಪಾಲಿಕೆಗಳಾಗಿವೆ, ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ (ಜಿಬಿಎ) ಇದೆ. ಹಾಗಾಗಿ ಪತ್ರ ಬರೆಯುವ ಮೊದಲು ನಿಮ್ಮ ವಾರ್ಡ್ ಯಾವ ಪಾಲಿಕೆಗೆ ಸೇರಿದೆ, ಅದರ ಗಡಿ ಈಗ ಎಲ್ಲಿದೆ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ವಾರ್ಡ್ ಸಂಖ್ಯೆ ಹಾಕಿ ಕಳಿಸಿದ ಪತ್ರ ಮೇಜಿನಿಂದ ಮೇಜಿಗೆ ಸುತ್ತುತ್ತಲೇ ಇರುತ್ತದೆ.

ಮಹಾಯೋಜನೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿ ಬರುತ್ತದೆ. ಹತ್ತು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದು ಆ ಕಾಯ್ದೆಯಲ್ಲಿದೆ. ಬೆಂಗಳೂರು ಮಾತ್ರ 2007ರಲ್ಲಿ ಒಪ್ಪಿಗೆಯಾದ "ಪರಿಷ್ಕೃತ ಮಹಾಯೋಜನೆ 2015"ರ ಮೇಲೆಯೇ, ಆ 2015 ದಾಟಿದ ಮೇಲೂ ನಡೆದುಕೊಂಡು ಬಂತು. 2031ರ ಕರಡು 2017ರ ನವೆಂಬರಿನಲ್ಲಿ ಪ್ರಕಟವಾಯಿತು, ಆಕ್ಷೇಪಣೆಗೆ 60 ದಿನ ಕೊಟ್ಟರು, ಸಾವಿರಾರು ಆಕ್ಷೇಪಣೆಗಳು ಬಂದವು, 2022ರಲ್ಲಿ ಸರ್ಕಾರ ಕರಡನ್ನೇ ಹಿಂದಕ್ಕೆ ತೆಗೆದುಕೊಂಡಿತು. ಇದರಲ್ಲಿ ನಿಮ್ಮ ಕೆಲಸಕ್ಕೆ ಬೇಕಾದ್ದು ಆ 60 ದಿನದ ಲೆಕ್ಕ. ಕರಡು ಹೊರಬಿದ್ದ ಮೇಲೆ ಸಭೆ ಕರೆದು, ನಕ್ಷೆ ಹುಡುಕಿ, ಅರ್ಥ ಮಾಡಿಕೊಂಡು, ಜಾಗ ಅಳೆದು, ಪತ್ರ ಬರೆಯಲು ಎರಡು ತಿಂಗಳು ಸಾಲುವುದಿಲ್ಲ. ಅಳತೆ, ಎಣಿಕೆ, ಮಾತುಕತೆ ಎಲ್ಲ ಮೊದಲೇ ಮುಗಿದು ಕೈಯಲ್ಲಿರಬೇಕು. ಕರಡು ಬಂದ ದಿನ ಹೋಲಿಸಿ ನೋಡುವ ಕೆಲಸ ಮಾತ್ರ ಉಳಿಯಬೇಕು. ನೀವು ಈಗಲೇ ಕೇಳಿದ್ದು ಒಳ್ಳೆಯದಾಯಿತು.

ಇನ್ನೊಂದು ಬಗೆಯದು ಬಿಡಿ ಯೋಜನೆಗಳು: ಮೇಲ್ಸೇತುವೆ, ಮೆಟ್ರೊ ನಿಲ್ದಾಣ, ಸುರಂಗ. ಇಲ್ಲಿ ಜನರ ಮಾತು ಸಾಮಾನ್ಯವಾಗಿ ತಡವಾಗಿ ಶುರುವಾಗುತ್ತದೆ, ಅಷ್ಟರಲ್ಲಿ ಉಳಿಯುವುದು ಬೇಕು, ಬೇಡ ಎಂಬ ಎರಡೇ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ 6.7 ಕಿ.ಮೀ. ಉಕ್ಕಿನ ಸೇತುವೆಯನ್ನು ನೆನಪಿಸಿಕೊಳ್ಳಿ. 800ಕ್ಕೂ ಹೆಚ್ಚು ಮರ ಹೋಗುತ್ತವೆ ಎಂದು ತಿಳಿದ ಮೇಲೆ 2016ರ ಅಕ್ಟೋಬರಿನಲ್ಲಿ ಜನ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. 2017ರ ಮಾರ್ಚಿನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು. "ಬೇಡ" ಎನ್ನುವುದಕ್ಕೆ ಹಾಗೆ ಬಲ ಬರುತ್ತದೆ. ಆದರೆ "ಹಾಗಾದರೆ ಆ ರಸ್ತೆ ಹೇಗಿರಬೇಕು" ಎಂಬುದಕ್ಕೆ ಮೆರವಣಿಗೆಯಲ್ಲಿ ಉತ್ತರ ಸಿಗದು. ಅದಕ್ಕೆ ಮೇಜು, ನಕ್ಷೆ, ಅಳತೆಪಟ್ಟಿ ಬೇಕು.

ನಕ್ಷೆಯ ವಿಷಯಕ್ಕೆ ಬರೋಣ. ಹೆಚ್ಚಿನ ಸಭೆಗಳಲ್ಲಿ ಪ್ರೊಜೆಕ್ಟರಿನಲ್ಲಿ ನಕ್ಷೆ ತೋರಿಸುತ್ತಾರೆ. ಅದರಿಂದ ಪ್ರಯೋಜನವಿಲ್ಲ; ಹಿಂದಿನ ಸಾಲಿನವರಿಗೆ ಬಣ್ಣದ ಮಸುಕು ಬಿಟ್ಟು ಬೇರೇನೂ ಕಾಣುವುದಿಲ್ಲ, ಯಾರೂ ಬೆರಳಿಟ್ಟು ತೋರಿಸಲಾರರು. ಎ0 ಅಳತೆಯ ಕಾಗದದಲ್ಲಿ (841 × 1189 ಮಿ.ಮೀ.) ಎರಡು ನಕ್ಷೆ ಮುದ್ರಣ ಮಾಡಿಸಿ. ಒಂದು 1:500ರಲ್ಲಿ ನಿಮ್ಮ ಬಡಾವಣೆ. ಅದರಲ್ಲಿ 420 × 590 ಮೀಟರಿನಷ್ಟು ಜಾಗ ಹಿಡಿಯುತ್ತದೆ; 30 × 40 ಅಡಿ ನಿವೇಶನ 18 × 24 ಮಿ.ಮೀ. ಆಗಿ ಕಾಣುತ್ತದೆ, ಅಂದರೆ ಒಂದು ಬಣ್ಣದ ಚುಕ್ಕೆ ಅಂಟಿಸುವಷ್ಟು. ಎರಡನೆಯದು 1:2500ರಲ್ಲಿ ಸುತ್ತಲಿನ ಎರಡು, ಮೂರು ಕಿಲೋಮೀಟರು: ಹಳ್ಳಿ, ಕೆರೆ, ಬಸ್ ನಿಲ್ದಾಣ, ಸಂತೆ, ಶಾಲೆ. ಈ ಅಳತೆಯಲ್ಲಿ ನಿವೇಶನ ಬರೀ 3.7 × 4.9 ಮಿ.ಮೀ.; ವಯಸ್ಸಾದವರಿಗೆ ತಮ್ಮ ಮನೆ ಸಿಗದು. ಅದಕ್ಕೇ ಎರಡೂ ಬೇಕು. ಮೇಜಿಗೊಂದು ಪ್ರತಿ.

ನಕ್ಷೆಯಲ್ಲಿ "12ನೇ ಅಡ್ಡರಸ್ತೆ" ಎಂದಷ್ಟೇ ಬರೆದು ಬಿಡಬೇಡಿ. ಹಾಲಿನ ಬೂತ್, ಅಶ್ವತ್ಥಕಟ್ಟೆ, ನ್ಯಾಯಬೆಲೆ ಅಂಗಡಿ, ಮುನೇಶ್ವರನ ಗುಡಿ, ಟ್ರಾನ್ಸ್‌ಫಾರ್ಮರ್ ಇರುವ ತಿರುವು ಹೀಗೆ ಜನ ದಾರಿ ಹೇಳುವ ಗುರುತುಗಳನ್ನು ದಪ್ಪ ಅಕ್ಷರದಲ್ಲಿ ಹಾಕಿ. ನಕ್ಷೆ ಓದಿ ಅಭ್ಯಾಸವಿಲ್ಲದವರೂ ಇವುಗಳಿಂದ ಐದು ನಿಮಿಷದಲ್ಲಿ ಹಾದಿಗೆ ಬರುತ್ತಾರೆ.

ಇದರ ಜೊತೆಗೆ ಈಗ ಜಾರಿಯಲ್ಲಿರುವ ಮಹಾಯೋಜನೆಯ ಪ್ರಸ್ತಾವಿತ ಭೂಬಳಕೆ ನಕ್ಷೆ ಬೇಕು. 2015ರ ಯೋಜನೆ ಬೆಂಗಳೂರನ್ನು 47 ಪ್ಲ್ಯಾನಿಂಗ್ ಡಿಸ್ಟ್ರಿಕ್ಟ್‌ಗಳಾಗಿ ಹಂಚಿದೆ. ನಿಮ್ಮದರ ಹಾಳೆ ಸಾಕು. ಹಳದಿ ಎಂದರೆ ವಾಸ, ನೀಲಿ ವಾಣಿಜ್ಯ, ನೇರಳೆ ಕೈಗಾರಿಕೆ, ಕೆಂಪು ಸಾರ್ವಜನಿಕ ಮತ್ತು ಅರೆ ಸಾರ್ವಜನಿಕ ಬಳಕೆ, ಹಸಿರು ಉದ್ಯಾನ ಮತ್ತು ಬಯಲು, ಬೂದು ಸಾರಿಗೆ. ಜನ ಹಸಿರನ್ನಷ್ಟೇ ನೋಡುತ್ತಾರೆ. ನೀವು ಮುಖ್ಯ ರಸ್ತೆಯ ಅಂಚಿನ ಬಣ್ಣ ಮತ್ತು ರಸ್ತೆಯ ಮೇಲೆ ಬರೆದಿರುವ ಅಗಲದ ಸಂಖ್ಯೆ ನೋಡಿ. ನಿಮ್ಮ ಬಡಾವಣೆಯನ್ನು ಮುಂದಿನ ಹತ್ತು ವರ್ಷದಲ್ಲಿ ಬದಲಿಸುವುದು ಹೆಚ್ಚಾಗಿ ಅವೆರಡೇ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಬಡಾವಣೆಯಾಗಿದ್ದರೆ ಮೂಲ ಲೇಔಟ್ ನಕ್ಷೆಯನ್ನೂ ತೆಗೆಯಿರಿ. ಬಿಡಿಎ ಕಾಯ್ದೆಯ ಪ್ರಕಾರ ಒಟ್ಟು ಜಾಗದಲ್ಲಿ ಕನಿಷ್ಠ ಶೇ. 15 ಉದ್ಯಾನ, ಆಟದ ಮೈದಾನಕ್ಕೆ, ಮತ್ತೆ ಶೇ. 10 ನಾಗರಿಕ ಸೌಲಭ್ಯಕ್ಕೆ, ಅಂದರೆ ಸಿಎ ಸೈಟ್‌ಗಳಿಗೆ ಮೀಸಲು. ಆ ಸಿಎ ಸೈಟ್‌ಗಳು ಈಗ ಎಲ್ಲಿವೆ, ಯಾರ ಕೈಯಲ್ಲಿವೆ ಎಂದು ಗುರುತು ಹಾಕಿದರೆ ಸಭೆ ತಾನಾಗಿಯೇ ಕಸದಿಂದ ಮೇಲೆದ್ದು ಬರುತ್ತದೆ.

ಕೆರೆ, ಕಾಲುವೆಯ ಕಡೆಗೆ ಇಬ್ಬರನ್ನು ಕಳಿಸಿ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡಿದರೆ ರಾಜಕಾಲುವೆ ಎಲ್ಲಿ ಹರಿಯಬೇಕಿತ್ತು, ಈಗ ಅದರ ಮೇಲೆ ಏನಿದೆ ಎಂಬುದು ಕಾಣುತ್ತದೆ. ಜಿಪಿಎಸ್ ಕೆಲವು ಮೀಟರ್ ಆಚೀಚೆ ಆಗುವುದುಂಟು, ಆದ್ದರಿಂದ ಇದನ್ನು ಸೂಚನೆ ಎಂದು ಮಾತ್ರ ತಿಳಿಯಿರಿ. ಗಡಿಯ ಖಚಿತ ಗುರುತಿಗೆ ಭೂಮಾಪಕರೇ ಬರಬೇಕು. 2015ರ ಯೋಜನೆಯಲ್ಲಿ ಕೆರೆಗೆ 30 ಮೀಟರ್, ಪ್ರಾಥಮಿಕ ಕಾಲುವೆಗೆ ಮಧ್ಯದಿಂದ 50, ದ್ವಿತೀಯಕ್ಕೆ 25, ತೃತೀಯಕ್ಕೆ 15 ಮೀಟರ್ ಬಫರ್, ಅಂದರೆ ಕಟ್ಟಡ ಕಟ್ಟದೆ ಬಿಡಬೇಕಾದ ಅಂಚು, ಇಟ್ಟಿದ್ದರು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಈ ನಿಯಮ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ಪತ್ರ ಬರೆಯುವ ದಿನ ಜಾರಿಯಲ್ಲಿರುವ ಅಂಕಿಯನ್ನೇ ಹಾಕಿ. ಹಳೆಯ ಪತ್ರಿಕೆಯ ತುಣುಕು ನೋಡಿ 75 ಎಂದು ಬರೆದರೆ ಇಡೀ ಪತ್ರದ ತೂಕ ಇಳಿಯುತ್ತದೆ.

ನಿಮ್ಮ ಕೈಗೆ ಸಿಗದ ನಕ್ಷೆ, ಲೇಔಟ್ ಪ್ರತಿಗಳಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ ಎಂದಿದೆ. ನಾಲ್ಕು ವಿಷಯ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ವಾಪಸು ಬರುತ್ತದೆ.

ಸಭೆಗೆ ಒಂದು ವಾರ ಮೊದಲು ಎರಡು ಅಳತೆ ಮಾಡಿಸಿ, ಕಾಲೇಜು ಹುಡುಗರಿಗೆ ಹೇಳಿಮಾಡಿಸಿದ ಕೆಲಸ. ಒಂದು, ಮುಖ್ಯ ರಸ್ತೆಯ ಒಂದೇ ಜಾಗದಲ್ಲಿ ಬೆಳಿಗ್ಗೆ 8ರಿಂದ 9, ಸಂಜೆ 5.30ರಿಂದ 7ರವರೆಗೆ, ಹದಿನೈದು ಹದಿನೈದು ನಿಮಿಷದ ಕಂತಿನಲ್ಲಿ ನಡೆದುಹೋಗುವವರು, ಸೈಕಲ್, ಬೈಕ್, ಆಟೊ, ಕಾರು, ಬಸ್ಸುಗಳ ಎಣಿಕೆ. ಬಸ್ಸನ್ನು ಒಂದು ಗಾಡಿ ಎಂದಲ್ಲ, ಒಳಗೆ ಎಷ್ಟು ಜನ ಎಂದು ಅಂದಾಜಿಸಿ ಬರೆಯಿರಿ, ಆಮೇಲೆ ರಸ್ತೆ ಯಾರದು ಎಂಬ ವಾದದಲ್ಲಿ ಇದು ಕೆಲಸಕ್ಕೆ ಬರುತ್ತದೆ. ಎರಡು, ಫುಟ್‌ಪಾತ್ ಅಳತೆ. 300 ಮೀಟರ್ ರಸ್ತೆಯಾದರೆ ಪ್ರತಿ 10 ಮೀಟರಿಗೆ ನಿಂತು, ಅಡ್ಡಿಯಿಲ್ಲದೆ ನಡೆಯಲು ಎಷ್ಟು ಅಗಲವಿದೆ ಎಂದು ಟೇಪ್ ಹಿಡಿಯಿರಿ. 30 ಅಂಕಿ ಸಿಗುತ್ತವೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಮಾರ್ಗಸೂಚಿಯ ಪ್ರಕಾರ ವಾಸದ ಪ್ರದೇಶದಲ್ಲಿ ಕನಿಷ್ಠ 1.8 ಮೀಟರ್ ನಡೆಯುವ ಅಗಲ ಬೇಕು, ಅಂಚಿನ ಕಲ್ಲು 150 ಮಿ.ಮೀ.ಗಿಂತ ಎತ್ತರ ಇರಬಾರದು. ಎಲ್ಲಿ ಕಡಿಮೆಯಿದೆಯೋ ಅಲ್ಲಿ ಕಾರಣವನ್ನೂ ಬರೆಯಿರಿ: ಟ್ರಾನ್ಸ್‌ಫಾರ್ಮರ್, ಕೇಬಲ್ ಪೆಟ್ಟಿಗೆ, ನಿಂತ ಕಾರು, ಕಟ್ಟಡದ ಮರಳು, ಮನೆಯ ಗೇಟಿನಿಂದ ರಸ್ತೆಗಿಳಿಸಿದ ಸಿಮೆಂಟಿನ ಇಳಿಜಾರು. ಕೊನೆಯದರಲ್ಲಿ ಸಂಘದ ಪದಾಧಿಕಾರಿಗಳ ಮನೆಗಳೂ ಬಂದರೆ ಗಾಬರಿಯಾಗಬೇಡಿ. ಪಟ್ಟಿಯಿಂದ ತೆಗೆಯಲೂಬೇಡಿ.

ಇನ್ನು, ಕರೆಯುವುದು ಯಾರನ್ನು? ಭಾನುವಾರ ಬೆಳಿಗ್ಗೆ ಹತ್ತಕ್ಕೆ ಉದ್ಯಾನದಲ್ಲಿ ಸಭೆ ಇಟ್ಟರೆ ಬರುವವರು ಸ್ವಂತ ಮನೆಯ, ನಿವೃತ್ತರಾದ, ಹೆಚ್ಚಾಗಿ ಗಂಡಸರು. ಬಾಡಿಗೆಯವರು, ಮನೆಗೆಲಸಕ್ಕೆ ಬರುವವರು, ತರಕಾರಿ ಗಾಡಿಯವರು, ಆಟೊ ನಿಲ್ದಾಣದವರು, ಪೌರಕಾರ್ಮಿಕರು, ಪಕ್ಕದ ಹಳ್ಳಿಯವರು ಯಾರೂ ಇರುವುದಿಲ್ಲ. ಅವರಿಲ್ಲದೆ ನೀವು "ಬಡಾವಣೆಯ ಅಭಿಪ್ರಾಯ" ಎಂದು ಬರೆದರೆ ಎದುರು ಪಕ್ಷದವರು ಅದನ್ನೇ ಎತ್ತಿ ಆಡುತ್ತಾರೆ. ಅವರನ್ನು ಸಭೆಗೆ ಎಳೆದು ತರುವುದಕ್ಕಿಂತ ನಕ್ಷೆಯನ್ನೇ ಮಡಚಿಕೊಂಡು ಅವರಿರುವಲ್ಲಿಗೆ ಹೋಗುವುದು ಸುಲಭ: ಬೆಳಿಗ್ಗೆ ಏಳಕ್ಕೆ ಪೌರಕಾರ್ಮಿಕರು ಹಾಜರಿ ಹಾಕುವ ಜಾಗಕ್ಕೆ, ಹನ್ನೊಂದಕ್ಕೆ ತರಕಾರಿ ಗಾಡಿಗಳ ಬಳಿಗೆ, ಸಂಜೆ ಬಸ್ ನಿಲ್ದಾಣಕ್ಕೆ, ಒಂದು ದಿನ ಹಳ್ಳಿಯ ಕಟ್ಟೆಗೆ. ಒಂದೊಂದು ಕಡೆ ಇಪ್ಪತ್ತು ನಿಮಿಷ ಸಾಕು. ಹಳ್ಳಿಯವರನ್ನು ಬಿಡಲೇಬೇಡಿ, ಕೆರೆಯ ಕೋಡಿ ಎಲ್ಲಿತ್ತು, ಮಳೆನೀರು ಯಾವ ದಾರಿಯಲ್ಲಿ ಬರುತ್ತಿತ್ತು ಎಂಬುದು ಬಡಾವಣೆಯವರಿಗೆ ಗೊತ್ತಿರುವುದಿಲ್ಲ. ಬೀದಿ ವ್ಯಾಪಾರಿಗಳ ವಿಷಯದಲ್ಲಿ 2014ರ ಕಾಯ್ದೆ ನೆನಪಿರಲಿ. ಅವರನ್ನು ಎಲ್ಲಿ ಕೂರಿಸಬೇಕೆಂಬುದನ್ನು ಪಟ್ಟಣ ವ್ಯಾಪಾರ ಸಮಿತಿಯ ಮೂಲಕ ತೀರ್ಮಾನಿಸಬೇಕು, ಆ ಸಮಿತಿಯಲ್ಲಿ ಶೇ. 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ ಇರಬೇಕು. "ಗಾಡಿಗಳನ್ನು ಎತ್ತಿಸಿ" ಎಂದು ಸಭೆ ನಿರ್ಣಯ ಮಾಡಿದರೆ ಅದು ಕಾನೂನಿನ ಮುಂದೆ ನಿಲ್ಲದು. "ಈ ಜಾಗದಲ್ಲಿ ಇಷ್ಟು ಗಾಡಿಗೆ ಸ್ಥಳ ಗುರುತಿಸಿ" ಎಂದರೆ ನಿಲ್ಲುತ್ತದೆ.

ಸಭೆಗೆ ವೇದಿಕೆ ಬೇಡ. ಆರು ಮೇಜು, ಮೇಜಿಗೆ ಎಂಟು ಜನ, ಎರಡೂವರೆ ಗಂಟೆ. ಮೊದಲ ಕಾಲು ಗಂಟೆ ದೂರು ಬರೆಸುವುದು ಮತ್ತು ನಕ್ಷೆಯಲ್ಲಿ ತಮ್ಮ ಮನೆ ಹುಡುಕಿ ಚುಕ್ಕೆ ಅಂಟಿಸುವುದು. ಈ ಚುಕ್ಕೆಗಳಿಗೆ ಇನ್ನೊಂದು ಉಪಯೋಗವಿದೆ: ಯಾವ ಬೀದಿಯಿಂದ ಯಾರೂ ಬಂದಿಲ್ಲ ಎಂಬುದು ಎಲ್ಲರ ಕಣ್ಣಿಗೂ ಬೀಳುತ್ತದೆ. ಮೇಜು ನಡೆಸುವವರು ಬೇರೆ ಬೀದಿಯವರಾಗಿರಲಿ. ಬರೆದುಕೊಳ್ಳುವವರು ಹೇಳಿದವರ ಮಾತಿನಲ್ಲೇ ಬರೆಯಲಿ. "ಅಮ್ಮ ಆಸ್ಪತ್ರೆಗೆ ಹೋಗೋಕೆ ಆ ಮೋರಿ ದಾಟಕ್ಕಾಗಲ್ಲ" ಎಂದದ್ದನ್ನು "ಪಾದಚಾರಿ ಸಂಪರ್ಕದ ಕೊರತೆ" ಎಂದು ಬರೆದರೆ ಯಾವ ಮೋರಿ ಎಂಬುದೇ ಕಳೆದುಹೋಗುತ್ತದೆ.

ನಲವತ್ತು ನಿಮಿಷ ಪ್ರಶ್ನೆಗಳಿಗೆ. ಜಾಗ ತೋರಿಸದೆ ಉತ್ತರಿಸಲಾಗದಂಥ ಪ್ರಶ್ನೆ ಕೇಳಿ. ಜೋರು ಮಳೆ ಬಂದ ದಿನ ಯಾವ ರಸ್ತೆ ಬಿಟ್ಟು ಯಾವುದರಲ್ಲಿ ಹೋಗುತ್ತೀರಿ? ಹತ್ತು ವರ್ಷದ ಮಗುವನ್ನು ಒಂಟಿಯಾಗಿ ಎಲ್ಲಿಯವರೆಗೆ ಕಳಿಸುತ್ತೀರಿ, ಎಲ್ಲಿಂದಾಚೆ ಬೇಡ ಎನ್ನುತ್ತೀರಿ? ರಾತ್ರಿ ಒಂಬತ್ತರ ಮೇಲೆ ಹೆಂಗಸರು ಸುತ್ತುಹಾಕಿಕೊಂಡು ಬರುವ ತಿರುವು ಯಾವುದು? ಏನೇ ಬದಲಾದರೂ ಇದೊಂದು ಹೋಗಬಾರದು ಎನ್ನುವಂಥದ್ದು ಯಾವುದು? ಇವುಗಳಿಗೆ ಬರುವ ಉತ್ತರಗಳೆಲ್ಲ ನಕ್ಷೆಯ ಮೇಲೆ ಗೆರೆಯಾಗಿ, ಚುಕ್ಕೆಯಾಗಿ ಬೀಳುತ್ತವೆ. ಆರು ಮೇಜುಗಳಲ್ಲಿ ನಾಲ್ಕು ಒಂದೇ ಮೋರಿಗೆ ಸುತ್ತು ಹಾಕಿದರೆ ಮುಂದೆ ವಾದಿಸುವ ಅಗತ್ಯವಿಲ್ಲ.

ಆಮೇಲಿನ ಮುಕ್ಕಾಲು ಗಂಟೆಯೇ ಸಭೆಯ ತಿರುಳು: ರಸ್ತೆಯನ್ನು ಪಟ್ಟಿಗಳಿಂದ ಜೋಡಿಸುವುದು. ನಿಮ್ಮ ಮುಖ್ಯ ರಸ್ತೆ 40 ಅಡಿ, ಅಂದರೆ ಸುಮಾರು 12 ಮೀಟರ್ ಎಂದಿಟ್ಟುಕೊಳ್ಳಿ. 1:50ರ ಅಳತೆಯಲ್ಲಿ ಅದು 24 ಸೆಂ.ಮೀ. ಆ ಅಗಲದ ಚೌಕಟ್ಟನ್ನು ಮೇಜಿನ ಮೇಲೆ ಅಂಟಿಸಿ, ರಟ್ಟಿನ ಪಟ್ಟಿಗಳನ್ನು ಕೊಡಿ: ಫುಟ್‌ಪಾತ್ 3.6 ಸೆಂ.ಮೀ. (1.8 ಮೀ.), ವಾಹನದ ಒಂದು ಪಥ 6 ಸೆಂ.ಮೀ. (3 ಮೀ.), ರಸ್ತೆಗೆ ಸಮಾನಾಂತರ ಪಾರ್ಕಿಂಗ್ 4.4 ಸೆಂ.ಮೀ. (2.2 ಮೀ.), ಮರ ಮತ್ತು ಕಂಬಗಳ ಸಾಲು 2 ಸೆಂ.ಮೀ. (1 ಮೀ.). ಪಟ್ಟಿಗಳು ಒಂದರ ಮೇಲೊಂದು ಏರಬಾರದು, ಅದೊಂದೇ ಷರತ್ತು.

ಮೊದಲು ಎಲ್ಲರೂ ಎರಡು ಪಥ, ಎರಡೂ ಕಡೆ ಪಾರ್ಕಿಂಗ್ ಇಡುತ್ತಾರೆ. 12 ಮತ್ತು 8.8 ಸೇರಿ 20.8, ಉಳಿದದ್ದು 3.2 ಸೆಂ.ಮೀ. ಅಂದರೆ ಎರಡೂ ಕಡೆ 80 ಸೆಂಟಿಮೀಟರಿನ ಫುಟ್‌ಪಾತ್, ಅದರಲ್ಲೇ ಕಂಬ, ಅದರಲ್ಲೇ ಮರ. ಅಲ್ಲಿಗೆ ಮೇಜಿನಲ್ಲಿ ಮೌನ. ಈಗಿರುವ ರಸ್ತೆಯೇ ಇದು ಎಂದು ಯಾರೋ ಹೇಳುತ್ತಾರೆ. ಮುಂದಿನ ಸುತ್ತಿನಲ್ಲಿ ಎರಡು ಪಥ, ಎರಡು ಸರಿಯಾದ ಫುಟ್‌ಪಾತ್: 12 ಮತ್ತು 7.2, ಉಳಿಯುವುದು 4.8. ಇದರಲ್ಲಿ ಒಂದು ಕಡೆ ಪಾರ್ಕಿಂಗ್ ಅಥವಾ ಎರಡೂ ಕಡೆ ಮರದ ಸಾಲು, ಎರಡರಲ್ಲಿ ಒಂದು ಮಾತ್ರ. ಕೊನೆಗೆ ಯಾರಿಗಾದರೂ ಏಕಮುಖ ಸಂಚಾರ ಹೊಳೆಯುತ್ತದೆ. 3.5 ಮೀಟರಿನ ಒಂದೇ ಪಥಕ್ಕೆ 7 ಸೆಂ.ಮೀ. ಕೊಟ್ಟರೆ, ಫುಟ್‌ಪಾತ್ ಎರಡು, ಪಾರ್ಕಿಂಗ್ ಒಂದು ಕಡೆ, ಮರ ಎರಡೂ ಕಡೆ ಎಲ್ಲವೂ ಹಿಡಿಯುತ್ತದೆ. ಆದರೆ ಏಕಮುಖ ಮಾಡಿದರೆ ಪಕ್ಕದ ರಸ್ತೆ ಎದುರುಮುಖವಾಗಬೇಕು, ಅಲ್ಲಿಯವರು ಒಪ್ಪಬೇಕು. ಹೀಗೆ ಚರ್ಚೆ ಆಸೆಯಿಂದ ಕೊಡುಕೊಳ್ಳುವಿಕೆಗೆ ಇಳಿಯುತ್ತದೆ. ಆ ಜಾಗಕ್ಕೆ ಬಂದ ಮೇಲಷ್ಟೇ ಎಂಜಿನಿಯರ್ ಕಿವಿ ಕೊಡುತ್ತಾರೆ, ಏಕೆಂದರೆ ಅವರ ಮೇಜಿನ ಮೇಲಿನ ಲೆಕ್ಕವೂ ಇದೇ.

ಕಟ್ಟಡದ ಎತ್ತರದ ಮಾತು ಬಂದೇ ಬರುತ್ತದೆ. "ಎತ್ತರ ಬೇಡ" ಎನ್ನುವ ಬದಲು ಎಫ್‌ಎಆರ್ ಲೆಕ್ಕ ತೋರಿಸಿ, ಅಂದರೆ ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬುದನ್ನು. 30 × 40 ನಿವೇಶನ 1,200 ಚದರಡಿ. ಎಫ್‌ಎಆರ್ 1.75 ಇದ್ದರೆ ಎಲ್ಲ ಮಹಡಿ ಸೇರಿ 2,100 ಚದರಡಿ ಕಟ್ಟಬಹುದು. ಒಂದು ಮಹಡಿಗೆ ನಿವೇಶನದ ಮುಕ್ಕಾಲು ಭಾಗ, ಅಂದರೆ 900 ಚದರಡಿ ತೆಗೆದುಕೊಂಡರೆ ಎರಡು ಮಹಡಿ ಮುಗಿದು ಮೂರನೆಯದರಲ್ಲಿ ಬರೀ 300 ಉಳಿಯುತ್ತದೆ. ಹಾಗಿರುವಾಗ ಪಕ್ಕದಲ್ಲಿ ಐದು ಅಂತಸ್ತಿನ ಬಾಡಿಗೆ ಕಟ್ಟಡ ಎದ್ದಿದೆ ಎಂದರೆ ಅದು ಮಹಾಯೋಜನೆಯ ದೋಷವಲ್ಲ, ಅನುಷ್ಠಾನದ ದೋಷ. ಇವೆರಡನ್ನು ಒಂದೇ ಆಕ್ಷೇಪಣೆಯಲ್ಲಿ ಬೆರೆಸಬೇಡಿ.

ಕೆಡುವುದು ಎಲ್ಲೆಲ್ಲಿ ಎಂದರೆ, ಮೊದಲನೆಯದು ಶಾಸಕರ ಆಗಮನ. ಹಾರ, ಶಾಲು, ಸ್ವಾಗತ ಭಾಷಣಕ್ಕೆ ನಲವತ್ತು ನಿಮಿಷ ಹೋದರೆ ಪಟ್ಟಿಯ ಆಟಕ್ಕೆ ಹೊತ್ತಿರುವುದಿಲ್ಲ. ಕೊನೆಯ ಇಪ್ಪತ್ತೈದು ನಿಮಿಷಕ್ಕೆ, ಮೇಜುಗಳು ತಮ್ಮ ಜೋಡಣೆ ತೋರಿಸುವ ಹೊತ್ತಿಗೆ ಕರೆಯಿರಿ. ಎರಡನೆಯದು ಮತದಾನ. ಚುಕ್ಕೆ ಅಂಟಿಸಿ ಮತ ಹಾಕಿಸಿದರೆ ಮೊದಲ ಐದು ಚುಕ್ಕೆ ಎಲ್ಲಿ ಬಿತ್ತೋ ಉಳಿದವೂ ಅಲ್ಲಿಗೇ ಹೋಗುತ್ತವೆ. ಹಾಕಿಸಲೇಬೇಕೆಂದರೆ ಚೀಟಿಯಲ್ಲಿ ಬರೆಸಿ ಒಟ್ಟಿಗೆ ತೆರೆಯಿರಿ. ಅದರಲ್ಲೂ ಗಾಲಿಕುರ್ಚಿಯಲ್ಲಿ ಬರುವ ಒಬ್ಬರಿಗೆ ಬೇಕಾದ ಇಳಿಜಾರನ್ನು 47 ಜನರ ಮತಕ್ಕೆ ಹಾಕುವ ವಿಷಯವೇ ಅಲ್ಲ. ಮೂರನೆಯದು ಬಣ್ಣಬಣ್ಣದ ತ್ರೀಡಿ ಚಿತ್ರ. ಉತ್ಸಾಹಿ ಆರ್ಕಿಟೆಕ್ಟ್ ಒಬ್ಬರು ಮೊದಲೇ ತಂದು ತೋರಿಸಿದರೆ ಜನ "ಚೆನ್ನಾಗಿದೆ" ಎನ್ನುತ್ತಾರೆ, ಅಲ್ಲಿಗೆ ಮಾತು ಮುಗಿಯಿತು. ಚಿತ್ರ ಎರಡನೇ ಸಭೆಗೆ ಇರಲಿ. ವಾಟ್ಸ್‌ಆ್ಯಪ್ ಗುಂಪಿನ ಪೋಲನ್ನು ಮಾತ್ರ ಯಾವ ಪತ್ರದಲ್ಲೂ ಪುರಾವೆ ಎಂದು ಕೊಡಬೇಡಿ.

ಪತ್ರದ ರೂಪ ಹೀಗಿರಲಿ. ಒಂದು ಜಾಗಕ್ಕೆ ಒಂದು ಆಕ್ಷೇಪಣೆ, ಒಂದೇ ಪುಟ: "ಪ್ಲ್ಯಾನಿಂಗ್ ಡಿಸ್ಟ್ರಿಕ್ಟ್ ಇಂಥದ್ದು, ಹಾಳೆ ಇಂಥದ್ದು, ಇಂಥ ಗ್ರಾಮದ ಸರ್ವೆ ನಂಬರ್ ಇಂಥದ್ದು. ಕರಡು ನಕ್ಷೆಯಲ್ಲಿ ಈ ಜಾಗವನ್ನು ವಾಸದ ಬಳಕೆ ಎಂದು ತೋರಿಸಲಾಗಿದೆ. ಗ್ರಾಮ ನಕ್ಷೆಯಲ್ಲಿ ಇದೇ ಜಾಗದಲ್ಲಿ ಕಾಲುವೆ ಇದೆ. ಇಂಥ ತಾರೀಖಿನ ಫೋಟೊ ಲಗತ್ತಿಸಿದೆ. ಕಾಲುವೆ ಮತ್ತು ಅದರ ಬಫರನ್ನು ನಕ್ಷೆಯಲ್ಲಿ ಗುರುತಿಸಿ ಭೂಬಳಕೆಯನ್ನು ತಿದ್ದಬೇಕು." ಇಷ್ಟೇ. ಒಂದೇ ಒಕ್ಕಣೆಯ ಪತ್ರಕ್ಕೆ 300 ಜನರ ಸಹಿ ಹಾಕಿಸಿ 300 ಪ್ರತಿ ಕೊಟ್ಟರೆ ಅದನ್ನು ಒಂದೇ ಆಕ್ಷೇಪಣೆ ಎಂದು ಗಂಟು ಕಟ್ಟುತ್ತಾರೆ. ಬೇರೆ ಬೇರೆ ಜಾಗದ 12 ಪತ್ರ ಕೊಟ್ಟರೆ 12ಕ್ಕೂ ಟಿಪ್ಪಣಿ ಬರೆಯಬೇಕಾಗುತ್ತದೆ. ಮೊಹರು ಬಿದ್ದ ಸ್ವೀಕೃತಿ ಪ್ರತಿ ಇಲ್ಲದೆ ಕೌಂಟರ್ ಬಿಟ್ಟು ಕದಲಬೇಡಿ. ವಾರ್ಡಿನ ಕಾಮಗಾರಿಗಳ ಪಟ್ಟಿಯನ್ನು ಡಿಸೆಂಬರಿನೊಳಗೆ ಕೊಡಿ. ಬಜೆಟ್ ಮಾರ್ಚಿನೊಳಗೆ ಮುಗಿಯುತ್ತದೆ, ಫೆಬ್ರುವರಿಯಲ್ಲಿ ಕೊಟ್ಟದ್ದು ಮುಂದಿನ ವರ್ಷಕ್ಕೇ.

ಸಾಧ್ಯವಾದರೆ ಒಂದು ಪ್ರಯೋಗ ಮಾಡಿ ನೋಡಿ. ಚರ್ಚ್ ಸ್ಟ್ರೀಟನ್ನು 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ನಡೆಯುವವರಿಗೆ ಮಾತ್ರ ಬಿಟ್ಟಿದ್ದರು. ಬೆಂಗಳೂರಿಗೆ ಇದು ಹೊಸತೇನಲ್ಲ. ನಿಮ್ಮಲ್ಲಿ ಅಷ್ಟು ಬೇಡ. ಸಂಚಾರ ಪೊಲೀಸರ ಅನುಮತಿ ಪಡೆದು ಒಂದು ಭಾನುವಾರ, ಕಬಡ್ಡಿ ಅಂಕಣಕ್ಕೆ ಹಾಕುವಂತೆ ಸುಣ್ಣದಲ್ಲಿ 1.8 ಮೀಟರಿನ ಗೆರೆ ಎಳೆದು, ಕೋನ್ ಇಟ್ಟು, ದಿನವಿಡೀ ರಸ್ತೆಯನ್ನು ಹಾಗೇ ನಡೆಸಿ. ಪಟ್ಟಿಗಳಲ್ಲಿ ಕಾಣದ ಎಡವಟ್ಟುಗಳು ಆಗ ಕಾಣುತ್ತವೆ: ಸಿಲಿಂಡರ್ ಗಾಡಿ ಎಲ್ಲಿ ನಿಲ್ಲುತ್ತದೆ, ಶಾಲೆಯ ವ್ಯಾನ್ ಹೇಗೆ ತಿರುಗುತ್ತದೆ. ರಸ್ತೆ ಅಗಲೀಕರಣದ ಪ್ರಸ್ತಾವಿತ ಗೆರೆಯನ್ನೂ ಅದೇ ಸುಣ್ಣದಲ್ಲಿ ಎಳೆದು ನೋಡಿ. ನಕ್ಷೆಯ ಮೇಲೆ ತಲೆ ಕೆಡಿಸಿಕೊಳ್ಳದವರೂ ಗೆರೆ ತಮ್ಮ ಕಾಂಪೌಂಡಿನ ಒಳಗೆ ಹೋದದ್ದನ್ನು ಕಂಡು ಮುಂದಿನ ಸಭೆಗೆ ಬರುತ್ತಾರೆ.

ಮುಂದಿನ ಸಭೆ ಮೂರು ವಾರದೊಳಗೆ ಇರಲಿ. ಅಲ್ಲಿಗೆ ಎಂಜಿನಿಯರನ್ನು ಕರೆಯುವಾಗ ನಿಮ್ಮ ಬೇಡಿಕೆಗಳ ಪಟ್ಟಿಯನ್ನು ಒಂದು ವಾರ ಮೊದಲೇ ಕಳಿಸಿ, ಪ್ರತಿ ಸಾಲಿನ ಮುಂದೆ ನಾಲ್ಕು ಖಾನೆ ಬಿಡಿ: ಆಗುತ್ತದೆ, ಇಂಥ ತಿಂಗಳೊಳಗೆ; ನಮ್ಮದಲ್ಲ, ಇಂಥ ಇಲಾಖೆಯದು; ಆಗುವುದಿಲ್ಲ, ಇಂಥ ಕಾರಣಕ್ಕೆ; ಪರಿಶೀಲಿಸಬೇಕು, ಇಂಥ ದಿನ ಹೇಳುತ್ತೇವೆ. "ಗಮನಕ್ಕೆ ತೆಗೆದುಕೊಂಡಿದ್ದೇವೆ" ಎಂಬುದಕ್ಕೆ ಖಾನೆ ಇಡಬೇಡಿ. ಅವರು ಅಲ್ಲಿಯೇ ಕೂತು ತುಂಬಿ, ಸಹಿ ಹಾಕಿ, ಒಂದು ಪ್ರತಿ ನಿಮ್ಮಲ್ಲಿ, ಒಂದು ಅವರಲ್ಲಿ ಉಳಿಯಲಿ. "ಆಗುವುದಿಲ್ಲ" ಎಂದು ಕಾರಣ ಬರೆದ ಸಾಲುಗಳನ್ನು ಜೋಪಾನವಾಗಿಡಿ. ಅವುಗಳಲ್ಲಿ ಹಲವು, ಮಹಾಯೋಜನೆಯ ಕರಡು ಬಂದಾಗ ಆಕ್ಷೇಪಣೆಯ ಮೊದಲ ವಾಕ್ಯಗಳಾಗುತ್ತವೆ.